ಹೂ ಬಿಡದ ಪುಂಡಿ

ಅನುರಾಧಾ ಬೊರಿವಲಿಯಿಂದ ತಿರುಗಿ ಬರುವಷ್ಟರಲ್ಲಿ ಅವಳ ಹೊಲಿಗೆ ಮಷಿನ್ನು ಬಾತ್‌ರೂಮಿನ ಬಾಗಿಲಿಗೆ ಹೋಗಿ ಕೂತಿತ್ತು.

ತವರಿನಲ್ಲಿ ತಾಯಿ ಮಹಾದೇವಿಗೆ ಜ್ವರ. ಗಂಜಿ ಕುಡಿಸಿ, ಬಟ್ಟೆ ಒಗೆದು, ಎರಡು ವಾರದ ಮೇಲೆ ಮಲಾಡಿಗೆ ಬಂದು, ಮೆಟ್ಟಿಲು ಹತ್ತಿ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅದು ಕಣ್ಣಿಗೆ ಬಿತ್ತು. ಮನೆಗಿದ್ದ ಒಂದೇ ಒಳ್ಳೆಯ ಕಿಟಕಿಯ ಕೆಳಗೆ, ಮಷಿನ್ನು ಇದ್ದ ಜಾಗದಲ್ಲಿ, ಹಲಗೆಯ ಮೇಲೆ ಹಳೆಯ ಪೇಂಟಿನ ಡಬ್ಬಿಗಳು ಸಾಲಾಗಿ ನಿಂತಿದ್ದವು. ಡಬ್ಬಿಯಲ್ಲಿ ಮಣ್ಣು, ಮಣ್ಣಿನಲ್ಲಿ ಬೆರಳೆತ್ತರದ ಸಸಿ.

"ಅತ್ತಿ, ಇದೇನ್ರಿ?"

"ಪುಂಡಿಪಲ್ಯ." ಅತ್ತೆ ದೇವಕ್ಕ ಬೆಳ್ಳುಳ್ಳಿ ಸುಲಿಯುತ್ತ ಕೂತಲ್ಲಿಂದಲೇ ಹೇಳಿದಳು. "ಕಣ್ಣ ಕಾಣಂಗಿಲ್ಲೇನು?"

"ನನ್ನ ಮಷಿನ್ ಯಾಕ ಸರಿಸೀರಿ?"

"ಗಿಡಕ್ಕ ಬಿಸಲಿಲ್ಲಂದ್ರ ಸಾಯ್ತದ. ನಿನ್ನ ಮಷಿನ್ ಏನ್ ಸಾಯ್ತದೇನು?"

ಎದುರು ಮನೆಯ ರುದ್ರವ್ವ ಬಾಗಿಲಲ್ಲೇ ನಿಂತಿದ್ದಳು. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅತ್ತೆಯ ಮಾತಿಗಿಂತ ಆ ನಗೆ ಅನುರಾಧಾಳಿಗೆ ಹೆಚ್ಚು ಉರಿಯಿತು. ಕೈಚೀಲ ಇಟ್ಟು, ಕೈಕಾಲು ತೊಳೆದು, ಹಿಟ್ಟು ಕಲಸಲು ಕೂತಳು. ಆವತ್ತು ರೊಟ್ಟಿ ಬಡಿಯುವ ಸದ್ದು ಪ್ಯಾಸೇಜಿನ ಕೊನೆಯ ಮನೆಗೂ ಕೇಳಿಸಿತು.

ಆ ಕಿಟಕಿಗಾಗಿ ಅವಳು ಎಷ್ಟು ಕಾಲದಿಂದ ಕಾದಿದ್ದಳು! ಗುಡ್ಡದ ಮೇಲಿನ ಝೋಪಡಿ ಕೆಡವಿ ಬಿಲ್ಡರು ಬಿಲ್ಡಿಂಗು ಕಟ್ಟಿಕೊಡುವ ತನಕ ಅವರೆಲ್ಲ ಬಾಡಿಗೆ ಖೋಲಿಯಲ್ಲಿ ಕತ್ತಲೆ ತಿಂದವರು. ಹೊಸ ಮನೆಯ ಬೀಗ ತೆಗೆದ ದಿನ ಉಳಿದವರು ನಲ್ಲಿ ತಿರುಗಿಸಿ ನೀರು ನೋಡಿದರೆ ಅನುರಾಧಾ ಕಿಟಕಿ ತೆಗೆದಿದ್ದಳು. ಎದುರಿಗೆ ಇನ್ನೊಂದು ಬಿಲ್ಡಿಂಗು ಅಡ್ಡ ಇದ್ದರೂ ಸಂದಿಯಿಂದ ಬೆಳಗಿನ ಬಿಸಿಲು ಒಳಗೆ ಬಂದು ಮಧ್ಯಾಹ್ನದ ತನಕ ನಿಲ್ಲುತ್ತಿತ್ತು. "ಮಷಿನ್ ಇಲ್ಲೇ" ಅಂದಿದ್ದಳು. ಸೀರೆಗೆ ಫಾಲು ಹಚ್ಚುವುದು, ಪಿಕೋ, ಬ್ಲೌಸು, ಎಲ್ಲ ಕೆಲಸ ಅದರ ಮೇಲೆಯೇ ನಡೆಯಬೇಕು. ಗಂಡ ಶಿವಪುತ್ರ ಟೈಲ್ಸ್ ಕೂಡಿಸುವವನು. ಕೆಲಸ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮಗಳು ಸಪ್ನಾಳ ಕಾಲೇಜಿನ ಫೀ ಮಷಿನ್ನಿನಿಂದಲೇ ಬರುತ್ತಿತ್ತು.

ದೇವಕ್ಕನ ಕಡೆಯದನ್ನೂ ಹೇಳಬೇಕು. ಮದುವೆಯಾಗಿ ಆಳಂದದ ಕಡೆಯಿಂದ ಬರುವಾಗ ಅವಳು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದದ್ದು ಅವಳ ಅವ್ವ ಕೊಟ್ಟ ಪುಂಡಿ ಸೊಪ್ಪಿನ ಬೀಜ. ಗುಡ್ಡದ ಮನೆಯ ತಗಡಿನ ಪತರಾ ಮೇಲೆ ವರ್ಷ ವರ್ಷ ಬೆಳೆದಳು. ಎಲೆ ಇಡೀ ಗಲ್ಲಿಗೆ ಹಂಚಿದಳು, ಕೊನೆಯಲ್ಲಿ ನಾಲ್ಕು ಗಿಡ ಹೂವಿಗೆ ಬಿಟ್ಟು ಬೀಜ ಮಾಡಿದಳು. ಮಲಾಡಿನಲ್ಲಿ ನಮ್ಮ ಕಡೆಯ ಹೆಂಗಸರು "ದೇವಕ್ಕನ ಪುಂಡಿ" ಅಂದರೆ ಹುಳಿ ನೆನೆದು ಬಾಯಿ ಚಪ್ಪರಿಸುತ್ತಿದ್ದರು. ಬಾಡಿಗೆ ಖೋಲಿಯ ಕತ್ತಲೆಯಲ್ಲಿ ಏನೂ ಬೆಳೆಯಲಿಲ್ಲ. ಗಂಟಿನಲ್ಲಿ ಉಳಿದದ್ದಕ್ಕೆ ಹುಳ ಬಿದ್ದಿತ್ತು. ಆರಿಸಿ ತೆಗೆದ ಒಂದು ಹಿಡಿಯನ್ನು ಅಷ್ಟೂ ಈ ಡಬ್ಬಿಗಳಿಗೆ ಹಾಕಿದ್ದಳು. ಈ ವರ್ಷ ಬೀಜ ಆಗದಿದ್ದರೆ ಅವಳ ಅವ್ವನ ಬೀಜ ಅಲ್ಲಿಗೆ ಮುಗಿಯಿತು. ಸೊಸೆಯನ್ನು ಕೂರಿಸಿಕೊಂಡು ಇದನ್ನು ಹೇಳಬಹುದಿತ್ತು. ದೇವಕ್ಕ ಯಾರನ್ನೂ ಕೂರಿಸಿಕೊಂಡು ಹೇಳಿದವಳಲ್ಲ.

ಶ್ರಾವಣ ಬಂತು. ಗಿಡಗಳು ಮೊಣಕಾಲೆತ್ತರಕ್ಕೆ ಬಂದವು. ದೇವಕ್ಕ ಬೆಳಿಗ್ಗೆ ಎದ್ದು ಕಿಟಕಿಯ ಗಾಜು ಒರೆಸುತ್ತಿದ್ದಳು, ಡಬ್ಬಿಗಳನ್ನು ಬಿಸಿಲಿನ ಕಡೆಗೆ ತಿರುಗಿಸುತ್ತಿದ್ದಳು. ಗ್ರಿಲ್ಲಿಗೆ ಬಟ್ಟೆ ಹಾಕುವಂತಿಲ್ಲ.

"ನನ್ನ ಅಂಗಿ ಒಣಗಬೇಕಲ್ಲವಾ?" ಅಂದ ಶಿವಪುತ್ರ.

"ಪ್ಯಾಸೇಜಿನ್ಯಾಗ ಹಾಕು. ಗಿಡದ ಮ್ಯಾಲ ನೆರಳ ಬೀಳ್ತದ."

"ಗಿಡಕ್ಕಿರೂ ಕಿಮ್ಮತ್ತು ನನಗಿಲ್ಲ ಈ ಮನ್ಯಾಗ."

"ಗಿಡ ನಿನ್ನಂಗ ಕುಂತ ತಿನ್ನಂಗಿಲ್ಲ."

ಮಾವ ಬಂಡೆಪ್ಪ ನಕ್ಕ. ಬೈಕುಲ್ಲಾದ ಗೋದಾಮಿನಲ್ಲಿ ವಾಚಮನ್ ಆಗಿದ್ದು ಮನೆಗೆ ಬಂದು ಕೂತ ಮನುಷ್ಯ, ಹೆಂಡತಿಯ ಯಾವ ಮಾತಿಗೂ ನಗುವುದನ್ನು ಬಿಟ್ಟು ಬೇರೆ ಉತ್ತರ ಅವನ ಹತ್ತಿರ ಇರಲಿಲ್ಲ.

ಬಾತ್‌ರೂಮಿನ ಬಾಗಿಲಲ್ಲಿ ಅನುರಾಧಾಳ ಕೆಲಸ ಕೆಡುತ್ತ ಬಂತು. ಒಳಗೆ ಹೋಗುವವರೆಲ್ಲ ಮಷಿನ್ನಿಗೆ ಕಾಲು ಬಡಿಯುವರು, ಹೊರಗೆ ಬರುವವರು ನೀರು ಸಿಡಿಸುವರು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ದಾರದ ಬಣ್ಣ ಕಾಣುತ್ತಿರಲಿಲ್ಲ. ಒಮ್ಮೆ ದ್ರಾಕ್ಷಿ ಬಣ್ಣದ ಸೀರೆಗೆ ಕಂದು ದಾರದಲ್ಲಿ ಫಾಲು ಹಚ್ಚಿ ಕೊಟ್ಟಳು. ಸ್ಟೇಷನ್ನಿನ ಹತ್ತಿರದ ಸೀರೆ ಅಂಗಡಿಯ ಮಾಧುರಿ, ಇವಳಿಗೆ ಹೆಚ್ಚು ಕೆಲಸ ಕೊಡುತ್ತಿದ್ದವಳು, ಗಿರಾಕಿಗಳ ಎದುರಿಗೇ ಸೀರೆ ಬಿಚ್ಚಿ ತೋರಿಸಿದಳು. "ಅನುರಾಧಾ, ಆಂಖೇ ಘರ್ ಪೇ ರಖ್ ಕೇ ಆತೀ ಹೈ ಕ್ಯಾ?" ಕಣ್ಣು ಮನೆಯಲ್ಲಿಟ್ಟು ಬರುತ್ತೀಯಾ ಅಂತ ಅನ್ನಿಸಿಕೊಂಡ ಮೇಲೆ ಅಲ್ಲಿಂದ ಕೆಲಸ ಬರುವುದು ಕಡಿಮೆಯಾಯಿತು.

ಅನುರಾಧಾ ತಲೆಯ ಮೇಲಿನ ಟ್ಯೂಬ್‌ಲೈಟ್ ಹಚ್ಚಿಕೊಂಡು ಹೊಲಿಯತೊಡಗಿದಳು. ದೇವಕ್ಕ ಹಾದುಹೋಗುವಾಗ ಆರಿಸಿದಳು.

"ಅತ್ತಿ, ಹೊಲೀಲಿಕತ್ತೀನ್ರಿ."

"ಹಾಡಹಗಲ ಲೈಟ್ ಹಚ್ಚಿ ಕುಂತ್ರ ಮನೀಗಿ ದರಿದ್ರ ಬಡೀತದ. ಬಿಲ್ ನಿಮ್ಮವ್ವ ಕಟ್ತಾಳೇನು?"

ಹಚ್ಚಿದಳು. ಆರಿಸಿದಳು. ಮತ್ತೆ ಹಚ್ಚಿದಳು. ಮೂರನೆಯ ಸಲ ದೇವಕ್ಕ ಮೊರ ಕೈಯಲ್ಲಿ ಹಿಡಿದುಕೊಂಡು ಸ್ವಿಚ್ಚಿನ ಕೆಳಗೇ ಕೂತು ಅಕ್ಕಿ ಆರಿಸಿದಳು. ಸಪ್ನಾ ಪುಸ್ತಕದಿಂದ ತಲೆ ಎತ್ತಿ, "ಯೇ ಲೋಗ್ ಪಾಗಲ್ ಹೈ" ಅಂತ ತನ್ನಷ್ಟಕ್ಕೆ ಅಂದುಕೊಂಡಳು.

ಅನುರಾಧಾ ಅತ್ತಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಅಳಲಿಲ್ಲ. ಅವಳಿಗೆ ಸೇಡು ಬೇಕಾಗಿತ್ತು, ಅದೂ ಎಂಥದ್ದು ಅಂದರೆ ಅತ್ತೆ ತನ್ನ ಕೈಯಾರೆ ಮಾಡಿಕೊಳ್ಳುವಂಥದ್ದು. ಹಗಲೆಲ್ಲ ದೇವಕ್ಕನ ಬೆನ್ನು ನೋಡುತ್ತ, ಆ ಗಿಡಗಳನ್ನು ನೋಡುತ್ತ ಮಷಿನ್ನು ತುಳಿಯುತ್ತಿದ್ದವಳಿಗೆ ತವರಿನ ಪುಂಡಿ ನೆನಪಾಯಿತು.

ಬೊರಿವಲಿಯ ಅವರ ಮನೆಗೆ ತಾಗಿ ದಾರಿದೀಪದ ಕಂಬ ಇತ್ತು. ಅದರ ಬುಡದಲ್ಲಿ ಮಹಾದೇವಿ ಪುಂಡಿ ಹಾಕುತ್ತಿದ್ದಳು. ಎಲೆ ಬೇಕಾದಷ್ಟು ಬಿಡುತ್ತಿತ್ತು, ಹೂ ಮಾತ್ರ ಬಿಡುತ್ತಿರಲಿಲ್ಲ. ನಾಲ್ಕು ಹೆಜ್ಜೆ ಆಚೆ, ಕತ್ತಲೆಯಲ್ಲಿದ್ದ ಗಿಡಗಳು ದಸರೆ ಕಳೆಯುತ್ತಲೇ ಹೂ ಬಿಟ್ಟು ಕಾಯಿ ಕಟ್ಟುತ್ತಿದ್ದವು. ಒಂದು ವರ್ಷ ಕಂಬದ ಬಲ್ಬು ಕೆಟ್ಟು ಯಾರೂ ಸರಿಮಾಡದೆ ಬಿಟ್ಟಾಗ ಕಂಬದ ಬುಡದವೂ ಹೂ ಬಿಟ್ಟವು. "ಪುಂಡಿಗಿ ಹಗಲ ಬಿಸಲ ಬೇಕು, ರಾತ್ರಿ ಕತ್ತಲ ಬೇಕು. ರಾತ್ರಿ ಬೆಳಕ ಕಂಡ್ರ ಅದು ಇನ್ನಾ ಮಳಿಗಾಲ ಅಂತ ತಿಳಕೊಂಡು ಬರೇ ಎಲಿ ಬಿಡ್ತದ" ಅಂತ ಮಹಾದೇವಿ ಹೇಳುತ್ತಿದ್ದಳು. ದೇವಕ್ಕನ ಪತರಾ ಮೇಲೆ ದಾರಿದೀಪ ಇರಲಿಲ್ಲ. ಅವಳಿಗೆ ಇದು ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ.

ಮಹಾನವಮಿಯ ಹಬ್ಬ ಹತ್ತಿರ ಬಂತು. ಊಟಕ್ಕೆ ಕೂತಾಗ ಅನುರಾಧಾ ಅತ್ತೆಯ ತಟ್ಟೆಗೆ ಪಲ್ಯ ಬಡಿಸುತ್ತ ಹೇಳಿದಳು.

"ಅತ್ತಿ, ಈ ಸಲ ಹೊಸ ಮನ್ಯಾಗ ಘಟ್ಟ ಹಾಕೂಣ್ರಿ. ನಂದಾದೀಪ ನಾ ಇಡ್ತೀನಿ."

ದೇವಕ್ಕನ ಕೈ ನಿಂತಿತು. ದೇವಿಯ ಮುಂದೆ ಮಣ್ಣು ಹರವಿ, ಕಾಳು ಬಿತ್ತಿ, ಒಂಬತ್ತು ದಿನ ಆರದಂತೆ ದೀಪ ಕಾಯುವುದು ಊರಿನಲ್ಲಿ ಅವಳ ಅತ್ತೆ ಮಾಡುತ್ತಿದ್ದ ವ್ರತ. ಈ ಸೊಸೆ ಶುಕ್ರವಾರದ ಊದಿನಕಡ್ಡಿಯನ್ನೂ ಎರಡು ಸಲ ಹೇಳಿಸಿಕೊಂಡು ಹಚ್ಚುವವಳು.

"ನೀ? ನಂದಾದೀಪ?"

"ಹರಕಿ ಹೊತ್ತೀನ್ರಿ. ಕೆಲಸ ಕಮ್ಮಿ ಆಗ್ಯದ, ದೇವಿ ಕಣ್ಣ ತೆರೀಲಿ ಅಂತ. ಒಂಬತ್ತ ದಿನ ಅಲ್ಲ, ಕಾರ್ತಿಕ ಮುಗದು ಛಟ್ಟಿ ಅಮಾಸಿ ತನಕ."

"ಎಲ್ಲಿ ಇಡ್ತೀ?"

"ಕಿಟಕಿ ಬಾಜು. ಅದೇ ಮೂಡಣ ದಿಕ್ಕು. ಎಣ್ಣಿ ದೀಪ ಗಾಳೀಗಿ ಆರ್ತದ, ಅಪಶಕುನ. ಬಲ್ಬ್ ಹಚ್ಚತೀನಿ."

ಶಿವಪುತ್ರ, "ರಾತ್ರಿ ಎಲ್ಲಾ ಬಲ್ಬ್ ಉರದ್ರ ಮಲಗೂದು ಹೆಂಗ?" ಅಂದ.

"ದೇವಿ ಕೆಲಸಕ್ಕ ಅಡ್ಡ ಬಾಯಿ ಹಾಕಬ್ಯಾಡ" ಅಂತ ದೇವಕ್ಕನೇ ಮಗನನ್ನು ಗದರಿದಳು. ಆವತ್ತು ಅವಳು ಸೊಸೆಯ ತಟ್ಟೆಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕಿದಳು. ಅನುರಾಧಾ ಅದನ್ನು ಚೂರೂ ಬಿಡದೆ ತಿಂದಳು.

ಹೀಗೆ ದೇವಿಯ ಫೋಟೋ ಕಿಟಕಿಯ ಪಕ್ಕಕ್ಕೆ ಬಂತು. ಫೋಟೋದ ಮೇಲೆ ಬಿಳಿಯ ಎಲ್‌ಇಡಿ ಬಲ್ಬು, ಬಲ್ಬಿನ ಬೆಳಕಿಗೆ ಪುಂಡಿಯ ಒಂದೊಂದು ಎಲೆಯೂ ಲಕಲಕ ಹೊಳೆಯತೊಡಗಿತು. ದೇವಕ್ಕ ಬಿಲ್ಡಿಂಗಿನ ಹೆಂಗಸರನ್ನೆಲ್ಲ ಕರೆದು ತೋರಿಸಿದಳು. "ನಮ್ಮ ಸೊಸಿ ಹರಕಿ" ಅಂದಳು. ಅರಿಶಿನ ಕುಂಕುಮಕ್ಕೆ ಬಂದ ರುದ್ರವ್ವ, "ಪುಣ್ಯ ಮಾಡೀದಿ ದೇವಕ್ಕ" ಅಂದಳು. ಒಮ್ಮೆ ಮಲಗುವ ಹೊತ್ತಿಗೆ ಬಂಡೆಪ್ಪ ಎದ್ದು ಸ್ವಿಚ್ಚಿಗೆ ಕೈ ಹಾಕಿದ್ದಕ್ಕೆ ಅವನ ಕೈ ಮೇಲೆ ಪಟ್ಟನೆ ಹೊಡೆದಳು. ತನ್ನ ಬೀಜದ ಸಾವಿಗೆ ತಾನೇ ಪಹರೆ ನಿಂತಿದ್ದಳು ಮುದುಕಿ. ಅನುರಾಧಾ ಚಾದರದೊಳಗೆ ಮುಖ ಹಾಕಿ ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳಿಗೆ ನಿದ್ದೆ ಚೆನ್ನಾಗಿ ಬಂತು.

ದಸರೆ ಆಯಿತು, ದೀಪಾವಳಿ ಆಯಿತು. ಪುಂಡಿ ಎಲೆ ಬಿಟ್ಟಿತು. ಕಿತ್ತಷ್ಟೂ ಬಿಟ್ಟಿತು. ಪುಂಡಿಪಲ್ಯಕ್ಕೆ ನುಚ್ಚು ಹಾಕಿ ಉಂಡರು, ಕಡಲೆಬೇಳೆ ಹಾಕಿ ಉಂಡರು, ಹಸಿಮೆಣಸಿನಕಾಯಿ ಹಾಕಿ ಚಟ್ನಿ ಕುಟ್ಟಿ ಉಂಡರು.

"ಆಯಿ, ಫಿರ್ ಸೇ ಪುಂಡಿ?" ಸಪ್ನಾ ಅಜ್ಜಿಯ ಕಡೆ ತಟ್ಟೆ ದೂಡಿದಳು.

"ಉಣ್ಣವ್ವ, ರಕ್ತ ಆಗ್ತದ."

"ಮೇರೇ ಕೋ ಖಟ್ಟಾ ಖಟ್ಟಾ ಡಕಾರ್ ಆ ರಹಾ ಹೈ." ಹುಡುಗಿ ಹುಳಿ ತೇಗು ತೇಗಿಯೂ ತೋರಿಸಿದಳು.

"ಎಲಿ ಭಾಳ ಬರ್ಲಿಕತ್ತಾವ, ಛಲೋ ಆತಲ್ರಿ ಅತ್ತಿ" ಅಂದಳು ಅನುರಾಧಾ.

ದೇವಕ್ಕ ಊಟ ಬಿಟ್ಟು ಗಿಡದ ತುದಿಗಳನ್ನು ನೋಡುತ್ತಿದ್ದಳು. ಮೊಗ್ಗು ಇರಲಿಲ್ಲ. ಊರಿನಿಂದ ತಂಗಿಯ ಫೋನು ಬಂತು. ಅಲ್ಲಿ ಪುಂಡಿ ಹೂ ಉದುರಿಸಿ ಕಾಯಿ ಒಣಗುತ್ತಿದೆಯಂತೆ. ದೇವಕ್ಕ ಎಲೆ ಕೀಳುವುದು ನಿಲ್ಲಿಸಿದಳು. ಸೆಗಣಿ ಗೊಬ್ಬರ ತರಿಸಿ ಹಾಕಿದಳು. ನೀರು ಕಡಿಮೆ ಮಾಡಿದಳು, ಆಮೇಲೆ ಹೆಚ್ಚು ಮಾಡಿದಳು. ಕೊನೆಗೆ ದೇವಿಯ ಮುಂದೆ ಕೂತು, "ತಾಯೀ, ನಮ್ಮವ್ವನ ಬೀಜ ಉಳಸು" ಅಂತ ಬೇಡಿಕೊಂಡು, ದೀಪ ಮಂಕಾಗಿದೆ ಅಂತ ಅವಳಿಗೆ ಅನ್ನಿಸಿ, ಮಗನಿಗೆ ಹೇಳಿ ಇನ್ನೂ ದೊಡ್ಡ ಬಲ್ಬು ಹಾಕಿಸಿದಳು.

ಆ ದಿನ ಅನುರಾಧಾಳಿಗೆ ಒಂದು ಕ್ಷಣ ಅಯ್ಯೋ ಅನ್ನಿಸಿತು. ಮಷಿನ್ನಿಗೆ ತಿರುಗಿದಳು. ಸೂಜಿಯ ಕಣ್ಣು ಕಾಣದೆ ದಾರದ ತುದಿಯನ್ನು ಮತ್ತೆ ಮತ್ತೆ ನೆಕ್ಕಬೇಕಾಯಿತು. ಅಯ್ಯೋ ಅನ್ನಿಸಿದ್ದು ಹೋಯಿತು.

ಛಟ್ಟಿ ಅಮಾವಾಸ್ಯೆಗೆ ವಾರ ಉಳಿದಿತ್ತು. ಭಾನುವಾರ ಮಧ್ಯಾಹ್ನ ರುದ್ರವ್ವ ಮತ್ತು ಇನ್ನಿಬ್ಬರು ಹೆಂಗಸರು ಬೀಜ ಕೇಳಿಕೊಂಡು ಬಂದರು. ಗುಡ್ಡದ ಮೇಲಿದ್ದಾಗಿನ ರೂಢಿ ಅದು.

"ಎಲ್ಲೀ ಬೀಜ? ಹೂವಾ ಬಿಟ್ಟಿಲ್ಲ" ಅಂದಳು ದೇವಕ್ಕ. ಹೇಳುವಾಗ ಅವಳ ಮುಖ ಕಪ್ಪಿಟ್ಟಿತು.

"ಹೂ ಬಿಟ್ಟಿಲ್ಲ? ಇಷ್ಟ ಸೊಕ್ಕಿ ಬೆಳದಾವ! ಯಾರರೆ ಮೈಲಿಗ್ಯಾಗ ಮುಟ್ಟ್ಯಾರೇನು ನೋಡು" ಅಂದಳು ರುದ್ರವ್ವ.

ದೇವಕ್ಕನ ಕಣ್ಣು ಮೂಲೆಯಲ್ಲಿ ಮೊಬೈಲ್ ನೋಡುತ್ತಿದ್ದ ಮೊಮ್ಮಗಳ ಮೇಲೆ ಹೋಯಿತು.

"ಏ ಸಪ್ನಾ, ಇಲ್ಲಿ ಬಾ. ಹೊರಗಾದಾಗ ಗಿಡ ಮುಟ್ಟೀಯೇನು?"

"ಕ್ಯಾ?"

"ಹೋದ ತಿಂಗಳ ಕಿಟಕಿ ಹಾಕಲಾಕ ಹೋಗಿದ್ದಿ. ಆವಾಗ ನೀ ಹೊರಗಿದ್ದಿ. ನಾ ನೋಡೀನಿ."

"ಆಯಿ, ಸಬಕೇ ಸಾಮ್ನೇ ಕ್ಯಾ ಬೋಲ್ ರಹೀ ಹೈ!" ಎಲ್ಲರ ಎದುರಿಗೆ ಹುಡುಗಿಯ ಮುಖ ಕೆಂಪಾಯಿತು.

"ಮುಟ್ಟಿ ಐದ ತಿಂಗಳದ ಗಿಡ ಬಂಜಿ ಮಾಡಿಟ್ಟಿ. ನಮ್ಮವ್ವನ ಬೀಜ! ನಿಮ್ಮವ್ವಗ ಹೇಳೀನಿ, ಹುಡುಗೀಗಿ ರೀತಿ ಕಲಸು ಅಂತ. ಆಕಿಗೇ ಬರಂಗಿಲ್ಲ, ನಿನಗೇನ ಕಲಸ್ತಾಳ?"

ಹೆಂಗಸರು ಹುಡುಗಿಯನ್ನು ಮೇಲಿನಿಂದ ಕೆಳಗೆ ನೋಡಿದರು. ಸಪ್ನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ರುದ್ರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅನುರಾಧಾ ಮಷಿನ್ನಿನಿಂದ ಎದ್ದಳು. ಅವಳ ಕಾಲು ತಾಗಿ ಸ್ಟೂಲು ಉರುಳಿತು.

"ಆಕಿ ಅಲ್ಲ. ನಾನು."

"ಏನ ನೀನು?"

"ನಿಮ್ಮ ಪುಂಡಿ ಹೂ ಬಿಡಲಾರದಂಗ ಮಾಡಿದಾಕಿ ನಾನು. ಆ ಬಲ್ಬ್ ಅದಲ್ಲ, ಅದರಲೇ. ರಾತ್ರಿ ಬೆಳಕಿದ್ರ ಪುಂಡಿ ಹೂ ಬಿಡಂಗಿಲ್ಲ. ನಮ್ಮ ತವರನ್ಯಾಗ ನಾ ಸಣ್ಣಾಕಿದ್ದಾಗ ನೋಡೀನಿ."

ಬಂಡೆಪ್ಪ ನಗಲು ಹೋಗಿ ನಿಲ್ಲಿಸಿದ.

"ಹರಕಿ?" ದೇವಕ್ಕ ಮೆಲ್ಲಗೆ ಕೇಳಿದಳು.

"ಯಾವ ಹರಕೀನೂ ಇಲ್ಲ. ನಾ ಹಚ್ಚಿದ್ದ ಲೈಟ್ ನೀವ್ ಆರಸ್ತಿದ್ರಿ. ನಿಮ್ಮ ಕೈಲೆ ಆರಸಲಾರದಂಥಾ ಲೈಟ್ ಹಚ್ಚಬೇಕಾಗಿತ್ತು, ಹಚ್ಚೀನಿ. ನನ್ನ ಬೆಳಕ ಕಸಗೊಂಡ್ರಿ, ನಿಮಗ ಬೇಕಾದ ಕತ್ತಲ ನಾ ಕಸಗೊಂಡೆ. ಮುಗೀತು."

"ದೇವಿ ಹೆಸರಿನ್ಯಾಗ..." ರುದ್ರವ್ವ ಗಲ್ಲ ಗಲ್ಲ ಬಡಿದುಕೊಂಡಳು. ಹೆಂಗಸರು ಒಬ್ಬರ ಹಿಂದೊಬ್ಬರು ಹೊರಬಿದ್ದರು. ಸುದ್ದಿ ಎಲ್ಲ ಮಹಡಿಗೂ ಹೋಗುವುದಿತ್ತು, ಕಾಲು ಬೇಗ ಬೇಗ ಎತ್ತಿಟ್ಟರು.

ಅನುರಾಧಾ ಮಗಳ ಹೆಗಲ ಮೇಲೆ ಕೈ ಇಟ್ಟಳು. ಸಪ್ನಾ ಕೈ ಕೊಡವಿದಳು.

"ತುಝೇ ಪತಾ ಥಾ, ಮಮ್ಮಿ. ಸಬ್ ಮೇರೇ ಪೇ ಹಸೇ, ತಬ್ ಜಾಕೇ ಬೋಲೀ."

ಎಲ್ಲ ಗೊತ್ತಿದ್ದೂ, ಎಲ್ಲರೂ ಮಗಳನ್ನು ನೋಡಿ ನಕ್ಕ ಮೇಲೆಯೇ ಅನುರಾಧಾ ಬಾಯಿ ಬಿಟ್ಟಿದ್ದಳು. ಇಷ್ಟು ದಿನ ರುಚಿಯಾಗಿದ್ದ ಸೇಡು ಒಮ್ಮೆಲೇ ಕಹಿಯಾಯಿತು.

ಶಿವಪುತ್ರ ಎದ್ದು ಸ್ವಿಚ್ಚಿನ ಹತ್ತಿರ ಹೋದ. "ಈಗರೆ ಆರಸೂಣು. ಆರಿಸಿದ್ರ ಹೂ ಬಿಡ್ತಾವೇನು?" ಅಂತ ಹೆಂಡತಿಯನ್ನು ಕೇಳಿದ.

"ಬಿಡ್ತಾವ" ಅಂದಳು ಅನುರಾಧಾ. ಅತ್ತೆಯ ಕಡೆ ತಿರುಗಿ, "ಇನ್ನಾ ಹಗಲ ಸಣ್ಣವ ಅದಾವ್ರಿ ಅತ್ತಿ. ಸಂಜಿ ಆದಕೂಡ್ಲೆ ಕತ್ತಲ ಮಾಡಿದ್ರ ಸಂಕ್ರಾಂತಿ ಒಳಗ ಮೊಗ್ಗಿ ಬರ್ತಾವ. ಬೀಜ ಆಗ್ತಾವ" ಅಂದಳು. ಈ ಸಲ ಅವಳು ನಿಜವಾಗಿಯೇ ಹೇಳಿದ್ದಳು. ಅತ್ತೆ ಹೂಂ ಅಂದಿದ್ದರೆ ಡಬ್ಬಿಗಳಿಗೆ ತಾನೇ ಚಾದರ ಹೊದಿಸುತ್ತಿದ್ದಳು.

ದೇವಕ್ಕ ಎದ್ದಳು. ಕಿಟಕಿಯ ಹತ್ತಿರ ಹೋದಳು. ಮೊದಲನೆಯ ಡಬ್ಬಿಯ ಗಿಡದ ಬುಡಕ್ಕೆ ಕೈ ಹಾಕಿ ಕಿತ್ತಳು.

"ಯವ್ವಾ!" ಶಿವಪುತ್ರ ಕೂಗಿದ. "ಬೀಜ ಆಗ್ತಾವ ಅಂತ ಹೇಳ್ಲಿಕತ್ತಾಳಲ್ಲ!"

"ಆಕಿ ಕೊಟ್ಟ ಬೀಜ ನನಗ ಬ್ಯಾಡ." ಇನ್ನೊಂದು ಕಿತ್ತಳು. "ಆಕಿ ಬ್ಯಾಡ ಅಂದ್ರ ನಿಲ್ಲಬೇಕು, ಬೇಕು ಅಂದ್ರ ಹೂ ಬಿಡಬೇಕು. ಅಂಥಾ ಪುಂಡಿ ನಮ್ಮವ್ವ ಕೊಟ್ಟಿಲ್ಲ ನನಗ."

"ದೇವಕ್ಕಾ, ನಾಕ ಗಿಡ ಬಿಡು" ಅಂದ ಬಂಡೆಪ್ಪ. ಹೆಂಡತಿಯ ಮಾತಿಗೆ ಅವನು ಎದುರಾಡಿದ್ದು ಅದೇ ಮೊದಲು. ಅವಳು ಒಂದನ್ನೂ ಬಿಡಲಿಲ್ಲ. ಕೀಳುವಾಗ ಅಳುತ್ತಿದ್ದಳು, ಅಳು ಕೈಯನ್ನು ತಡೆಯಲಿಲ್ಲ. ನೆಲದ ತುಂಬ ಮಣ್ಣಾಯಿತು.

ಆಮೇಲೆ ಅವಳೇ ಎಲೆ ಬಿಡಿಸಿದಳು, ತೊಳೆದಳು, ದೊಡ್ಡ ಬೋಗುಣಿಯಲ್ಲಿ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಳು. ಮೊದಲ ತಟ್ಟೆ ಸಪ್ನಾಳಿಗೆ ಹಾಕಿ, ಅವಳ ತಲೆಯ ಮೇಲೆ ಕೈ ಆಡಿಸಿ, "ತಪ್ಪಾತವ್ವ" ಅಂದಳು. ಕೊನೆಯ ತಟ್ಟೆ ಸೊಸೆಯ ಮುಂದೆ ಇಟ್ಟಳು.

"ಉಣ್ಣು. ಇನ್ನ ಮುಂದ ಸಿಗಂಗಿಲ್ಲ."

ಅನುರಾಧಾ ಉಂಡಳು. ಪಲ್ಯ ಬಹಳ ರುಚಿಯಾಗಿತ್ತು, ಹಾಗಾಗಿ ತುತ್ತು ಇಳಿಯುವುದು ಇನ್ನೂ ಕಷ್ಟವಾಯಿತು.

ಮರುದಿನ ಬೆಳಿಗ್ಗೆ ಶಿವಪುತ್ರ ಖಾಲಿ ಡಬ್ಬಿಗಳನ್ನು ಕೆಳಗೆ ಹಾಕಿ ಬಂದು, ಹಲಗೆ ಒರೆಸಿ, ಯಾರನ್ನೂ ಕೇಳದೆ ಮಷಿನ್ನನ್ನು ಕಿಟಕಿಯ ಮುಂದೆ ತಂದಿಟ್ಟ. "ತಗೋ. ಇದಕ್ಕಾ ಅಲ್ಲ ಇಷ್ಟೆಲ್ಲಾ?" ಅಂದು ಕೆಲಸಕ್ಕೆ ಹೋದ.

ಅನುರಾಧಾ ಕೂತಳು. ಬಿಸಿಲು ಬಂದು ಬಟ್ಟೆಯ ಮೇಲೆ ಬಿತ್ತು. ಒಂದೊಂದು ಎಳೆಯೂ ಕಾಣುತ್ತಿತ್ತು. ದಾರದ ಡಬ್ಬಿ ತೆಗೆದರೆ ಕಂದು ಬೇರೆ, ದ್ರಾಕ್ಷಿ ಬೇರೆ, ನೇರಳೆ ಬೇರೆ. ನಿನ್ನೆಯದೆಲ್ಲ ಇದ್ದರೂ ಅವಳಿಗೆ ಖುಷಿಯಾಯಿತು, ಗೆದ್ದೆ ಅನ್ನಿಸಿತು. ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿದಳು.

ದೇವಕ್ಕ ಸ್ನಾನ ಮಾಡಿ ಬಂದಳು. ದೇವಿಗೆ ಕೈಮುಗಿದಳು. ಮೂಲೆಯಿಂದ ಚಾಪೆ ತಂದು ಕಿಟಕಿಯ ಕೆಳಗಿನ ಹಲಗೆಯ ಮೇಲೆ ಮಡಿಚಿ ಹಾಕಿ, ಗ್ರಿಲ್ಲಿಗೆ ಬೆನ್ನು ಕೊಟ್ಟು, ಮಷಿನ್ನಿಗೆ ಎದುರಾಗಿ ಕೂತಳು. ಮೈ ತುಂಬಿದ ಹೆಂಗಸು. ಬಟ್ಟೆಯ ಮೇಲಿನ ಬಿಸಿಲು ಹೋಯಿತು.

"ಅತ್ತಿ, ಜರಾ ಸರೀರಿ. ಬೆಳಕ ಬೀಳವಲ್ದು."

"ನನಗ ಬಿಸಲ ಬೇಕು. ಮೊಣಕಾಲ ನೋಯ್ತಾವ."

"ಆ ಕಡಿ ಕುಂಡ್ರಿ, ಅಲ್ಲೂ ಬಿಸಲದ."

"ಇಲ್ಲೇ ಛಲೋ ಬರ್ತದ."

ಸಪ್ನಾ ಕಾಲೇಜಿಗೆ ಹೊರಟಿದ್ದಳು. ಹೆಗಲಿಗೆ ಬ್ಯಾಗು ಹಾಕಿಕೊಂಡು ಅಜ್ಜಿಯನ್ನು ನೋಡಿದಳು, ತಾಯಿಯನ್ನು ನೋಡಲಿಲ್ಲ.

"ಆಯಿ, ಉಧರ್ ಕಬ್ ತಕ್ ಬೈಠೇಗೀ?"

"ಸಾಯೂ ತನಕ ಇಲ್ಲೇ ಕುಂಡ್ರತೀನಿ" ಅಂದಳು ದೇವಕ್ಕ. ಹೇಳಿದ್ದು ಮೊಮ್ಮಗಳಿಗೆ, ನೋಡುತ್ತಿದ್ದದ್ದು ಸೊಸೆಯ ಮುಖ.

ಅನುರಾಧಾ ಹೊಲಿಗೆಯ ಮೇಲೆ ಬಗ್ಗಿದಳು. ದೇವಕ್ಕನಿಗೆ ಶುಗರ್ ಇರಲಿಲ್ಲ, ಬಿಪಿ ಇರಲಿಲ್ಲ, ಬಾಯಲ್ಲಿ ಒಂದು ಹಲ್ಲೂ ಅಲುಗಾಡಿರಲಿಲ್ಲ. ಅವಳ ಅವ್ವ ತೊಂಬತ್ತು ದಾಟಿ ತೀರಿಕೊಂಡವಳು.